ಪಾಲಾಗದ ಹತ್ತು ಲಕ್ಷದ ಒಂಬತ್ತು

ಕನ್ನಡ ನಾಡು ಒಂದಾದ ಮರುವರ್ಷದ ಬೇಸಿಗೆಯಲ್ಲಿ, ಹೊತ್ತು ಏರಿ ಬಿಸಿಲು ಕಟ್ಟೆಗೆ ಬಂದ ಸಮಯದಲ್ಲಿ, ನಾನು ಗೋಕಾಕದ ನಮ್ಮ ಮನೆಯ ಪಡಸಾಲೆಯ ಎರಡನೆಯ ಕಂಬಕ್ಕೆ ಒರಗಿ ನಿಂತಿದ್ದೆ. ಆಗಲೇ ನಮ್ಮ ದೊಡ್ಡಪ್ಪ ಒಂದು ಸಂಖ್ಯೆಯನ್ನು ಮನೆಯ ಕಾವಲಿಗೆ ನೇಮಿಸಿದರು. ಬೇರೆಯವರು ನಾಯಿ ಸಾಕುತ್ತಾರೆ. ಇವರು ಹತ್ತು ಲಕ್ಷದ ಒಂಬತ್ತನ್ನು ಸಾಕಿದ್ದರು.

ಕಾರಣವಿತ್ತು. ನಾಡು ಒಂದಾಯಿತೆಂದು ಓಣಿಗೆಲ್ಲ ಪೇಢೆ ಹಂಚಿದ್ದ ನಮ್ಮ ಅಪ್ಪ ಈಗ ಮನೆಯನ್ನು ಎರಡು ಮಾಡಲು ಹೊರಟಿದ್ದರು. ಅವ್ವನಿಗೆ ತನ್ನದೇ ಒಲೆ ಬೇಕಾಗಿತ್ತು. ದೊಡ್ಡಪ್ಪನಿಗೆ ಹೆಂಡತಿ ಮಕ್ಕಳಿರಲಿಲ್ಲ. ಪಾಲಾದರೆ ಅವರಿಗೆ ಅರ್ಧ ಮನೆ ಬರುತ್ತಿತ್ತು. ಜೊತೆಗೆ ಕೂತು ರೊಟ್ಟಿ ತಿನ್ನುವವರು ಬರುತ್ತಿರಲಿಲ್ಲ. ಅದನ್ನು ಅವರು ಹೇಳಲಿಲ್ಲ. ಹೇಳಿದ್ದು ಇದು:

"ತಮ್ಮಾ, ಹತ್ತು ಲಕ್ಷದ ಒಂಬತ್ತನ್ನ ಸಮಾ ಪಾಲು ಮಾಡಿ ತೋರ್ಸು. ಎಷ್ಟರ ಪಾಲು ಮಾಡು, ಏನೂ ಉಳೀಬಾರದು. ಅವತ್ತ ಮನೀನೂ ಪಾಲು ಮಾಡೂಣು."

"ಅದು ಆಗೂದಿಲ್ಲಂತ ನಿನಗ ಹೆಂಗ ಗೊತ್ತಣ್ಣಾ?"

"ನೂರರ ತನಕಾ ಎಲ್ಲಾದ್ರಿಂದ್ಲೂ ಭಾಗಿಸಿ ನೋಡೇನಿ."

ನೂರಕ್ಕೇ ಯಾಕೆ ನಿಲ್ಲಿಸಿದರೆಂದು ಯಾರೂ ಕೇಳಲಿಲ್ಲ. ನಾನಾಗ ಮೂಡಲಗಿಯ ಶಾಲೆಯಲ್ಲಿ ಗಣಿತದ ಮಾಸ್ತರ, ಬೇಸಿಗೆ ಸೂಟಿಗೆ ಊರಿಗೆ ಬಂದಿದ್ದೆ. ನನ್ನನ್ನೂ ಯಾರೂ ಕೇಳಲಿಲ್ಲ.

ಪಾಲು ಮಾಡಿಸಲು ಹುಕ್ಕೇರಿಯಿಂದ ಬಂದಿದ್ದ ಹಿರಿಯರು ಚಹಾ ಕುಡಿದು, ಮೀಸೆ ಒರೆಸಿಕೊಂಡು, "ಅದಕ್ಕೇನ್ರಿ, ಇಬ್ಬರಿಗೂ ಐದು ಲಕ್ಷದ ನಾಕೂವರಿ" ಎಂದರು.

"ಅರ್ಧಾ ನಡಿಯೂದಿಲ್ರಿ. ನಮ್ಮ ಮನ್ಯಾಗ ಅರ್ಧಾ ಮನಷ್ಯಾ ಯಾರರ ಅದಾರೇನು?"

ಹಿರಿಯರು ಎಲ್ಲರನ್ನೂ ಒಮ್ಮೆ ನೋಡಿದರು. ದೊಡ್ಡಪ್ಪನನ್ನು ತುಸು ಹೆಚ್ಚೇ ನೋಡಿದರು.

ಮರುವಾರ ಅವ್ವನ ಪರವಾಗಿ ಮೂಡಲಗಿಯಿಂದ ಅವಳ ಅಣ್ಣ ಬಂದರು. "ಒಂದರಿಂದ ಭಾಗಿಸ್ರಿ ಬೀಗ್ರ. ಏನೂ ಉಳಿಯೂದಿಲ್ಲ."

"ಖರೆ ಅಂದ್ರಿ. ಅಂದ್ರ ಎಲ್ಲಾ ಒಬ್ಬಾಂವಗ. ಹಿರಿಯಾಂವ ನಾನ ಅಲ್ಲೇನು, ತಗೋತೇನಿ."

ಸೋದರಮಾವ ಊಟಕ್ಕೂ ನಿಲ್ಲದೆ ಹೋದರು.

ಅಪ್ಪ ಹಟಕ್ಕೆ ಬಿದ್ದರು. ದಿನಾ ಮಧ್ಯಾಹ್ನ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇದ್ದಲಿಯಿಂದ ಭಾಗಾಕಾರ. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತಿತ್ತು, ಏಳರಿಂದ ಮೂರು, ಹನ್ನೊಂದರಿಂದ ಹತ್ತು. ದೊಡ್ಡಪ್ಪ ಬಂದು "ಎಷ್ಟ ಉಳೀತೋ?" ಎಂದು ಕೇಳುವುದು, ಉತ್ತರ ಕೇಳಿ ಒಂದು ರೊಟ್ಟಿ ಹೆಚ್ಚು ತಿನ್ನುವುದು. ಅಪ್ಪನ ಲೆಕ್ಕ ನೂರು ದಾಟಿದ ಮೇಲೆ ಆ ರೊಟ್ಟಿ ನಿಂತಿತು.

ಸೂಟಿ ಮುಗಿಯುವ ಮುಂಚೆ ಒಂದು ಮಧ್ಯಾಹ್ನ ಅಪ್ಪ ಇನ್ನೂರಾ ತೊಂಬತ್ಮೂರಕ್ಕೆ ಬಂದರು. ನಾನು ಬಾವಿಕಟ್ಟೆಯ ಪಕ್ಕ ನಿಂತಿದ್ದೆ. ಮೂರು ಸಾವಿರದ ನಾಲ್ಕುನೂರಾ ಹದಿಮೂರು ಸಲ ಹೋಯಿತು. ಉಳಿದದ್ದು ಸೊನ್ನೆ. ಅಪ್ಪ ಇದ್ದಲಿ ಹಿಡಿದ ಕೈಯನ್ನು ಎತ್ತಲಿಲ್ಲ.

ದೊಡ್ಡಪ್ಪ ಬಂದು ನಿಂತರು. ಹಿತ್ತಲ ಬಾಗಿಲ ಚೌಕಟ್ಟನ್ನು ಒಂದು ಕೈಯಿಂದ ಬಿಗಿಯಾಗಿ ಹಿಡಿದಿದ್ದರು.

"ಎಷ್ಟ ಉಳೀತೋ ತಮ್ಮಾ?"

ಪಾತ್ರೆ ತಿಕ್ಕುತ್ತಿದ್ದ ಅವ್ವನಿಗೆ ಓದು ಬಾರದು, ಸೊನ್ನೆ ಮಾತ್ರ ಗೊತ್ತು. ಅವಳು ಕಲ್ಲನ್ನು ನೋಡಿದಳು, ಚೌಕಟ್ಟು ಹಿಡಿದ ಆ ಕೈಯನ್ನು ನೋಡಿದಳು. ಎದ್ದು, ತುಂಬಿದ ಕೊಡವನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು.

ಅಪ್ಪ ಹರಿದುಹೋಗುವ ಕಪ್ಪು ನೀರನ್ನು ನೋಡುತ್ತ, "ನಾಕ ಉಳೀತಣ್ಣಾ" ಎಂದರು.

ಹಿತ್ತಲಲ್ಲಿ ನಾವಿದ್ದದ್ದು ನಾಲ್ಕು ಜನ.

ನೀರು ಬೀಳುವ ಮೊದಲು ದೊಡ್ಡಪ್ಪ ಕಲ್ಲನ್ನು ಓದಿದ್ದರೋ ಇಲ್ಲವೋ ನಾನು ಹೇಳಲಾರೆ. ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಮಾತ್ರ ಕಂಡೆ. ಪಾಲಿನ ಮಾತು ಮತ್ತೆ ಬರಲಿಲ್ಲ. ನನ್ನನ್ನು ಬಿಟ್ಟರೆ, ಇದನ್ನು ಕಂಡು ಇನ್ನೂ ಬದುಕಿರುವವಳು ನಮ್ಮ ಅವ್ವ, ಗಂಗವ್ವ. ಕೇಳಿದರೆ, "ಕಲ್ಲ ಹೊಲಸಾಗಿತ್ತು, ತೊಳದೆ" ಅನ್ನುತ್ತಾಳೆ.