ಪಕ್ಕದ ಬೀದಿಯವನ ಹಿಮಾಲಯದ ಸಾಸಿವೆ

ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಅಂತ ನಾನು ಸಮಾಧಾನ ಮಾಡಿಕೊಂಡ ವಾರದಲ್ಲೇ ಯಾರಿಗಾದರೂ ಏನಾದರೂ ಒಳ್ಳೇದಾಗಿಬಿಡುತ್ತೆ. ಯಾವಾಗಲೂ ಹೀಗೇ ಕಣ್ರೀ. ಈ ಸಲ ಒಳ್ಳೇದಾಗಿದ್ದು ನನ್ನ ಸಹೋದ್ಯೋಗಿಗೆ. ನಾವಿಬ್ಬರೂ ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರುಗಳು. ಸ್ಟಾಫ್ ರೂಮಿನಲ್ಲಿ ಎದುರುಬದುರು ಕುರ್ಚಿ, ತೂಬಗೆರೆ ರಸ್ತೆಯ ಬಡಾವಣೆಯಲ್ಲಿ ಅಕ್ಕಪಕ್ಕದ ಬೀದಿ.

ಬೇಸಿಗೆ ರಜದಲ್ಲಿ ಅವನು ಲಡಾಖ್‌ಗೆ ಹೊರಟಾಗ "ಬಾ ಗುರು, ಜೊತೇಲಿ ಹೋಗೋಣ" ಅಂದಿದ್ದ. "ಅಲ್ಲಿ ಮೂಗು ಸೋರುತ್ತೆ ಕಣೋ, ನಾನು ಬರಲ್ಲ" ಅಂದುಬಿಟ್ಟೆ. ಉಸಿರಾಡೋಕೂ ಕಷ್ಟವಾಗುವ ಎತ್ತರದಲ್ಲಿ, ಕಲ್ಲಿನ ಸಂದಿಯಲ್ಲಿ, ಅಂಗೈಗಿಂತ ಚಿಕ್ಕದೊಂದು ಗಿಡ ಅವನ ಕಣ್ಣಿಗೆ ಬಿತ್ತು. ಸಾಸಿವೆ ಕುಟುಂಬದ್ದು. ಫೋಟೋ ತೆಗೆದು ಬಲ್ಲವರಿಗೆ ತೋರಿಸಿದ. ಮುಂದಿನ ವರ್ಷ ಸರ್ಕಾರದ ಒಪ್ಪಿಗೆ ಪಡೆದು ಅವರ ಜೊತೆ ಮತ್ತೆ ಹೋದ. ಇದುವರೆಗೆ ಯಾರೂ ವಿವರಿಸಿರದ ಹೊಸ ಪ್ರಭೇದ ಅಂತ ಖಚಿತವಾಯಿತು. ಅವತ್ತು ಹತ್ತಿಕೊಂಡ ನನ್ನ ಹೊಟ್ಟೆ ಇನ್ನೂ ಆರಿಲ್ಲ. ನನ್ನ ಆಸೆ ಏನೂ ದೊಡ್ಡದಲ್ಲ. ನನಗೂ ಒಂದು ಗಿಡ ಸಿಗಬೇಕು, ನನ್ನನ್ನು ನೋಡಿ ಯಾರಾದರೂ ಒಂದು ದಿನವಾದರೂ ಹೊಟ್ಟೆ ಉರಿಸಿಕೊಳ್ಳಬೇಕು. ಅಷ್ಟೇ.

ಕೂದಲಿನ ವಿಚಾರ

ಹೊಸ ಗಿಡ ಸಿಕ್ಕಿತು ಅಂತ ಕೂಗಿದರೆ ಆಗಲ್ಲ. ಅದರ ಅಂಗಾಂಗವನ್ನೆಲ್ಲ ಅಳೆದು, ಹತ್ತಿರದ ನೆಂಟರಿಗಿಂತ ಇದು ಹೇಗೆ ಬೇರೆ ಅಂತ ಬರೆಯಬೇಕು. ಸಾಸಿವೆ ಕುಟುಂಬದಲ್ಲಂತೂ ಕಾಯಿಯ ಆಕಾರ, ಎಲೆ ಮೇಲಿನ ಕೂದಲು ಇವೇ ಮುಖ್ಯ. ಇವನು ತಿಂಗಳುಗಟ್ಟಲೆ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿಕೊಂಡು, ಕೂದಲು ಎಲ್ಲಿ ಕವಲೊಡೆಯುತ್ತೆ, ಎಷ್ಟು ಕವಲು ಅಂತ ನೋಡುತ್ತಾ ಕೂತಿದ್ದ.

ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ಲೇ, ಕೂದಲು ನೋಡಿ ಜಾತಿ ಹೇಳೋದಾದ್ರೆ, ತಲೆ ಮೇಲೆ ಒಂದು ಎಳೆಯೂ ಇಲ್ಲದ ನಮ್ಮ ಪ್ರಿನ್ಸಿಪಾಲರನ್ನ ಯಾವ ಕುಟುಂಬಕ್ಕೆ ಸೇರಿಸ್ತೀಯಾ?" ಅಂದೆ.

ಟೀ ಕುಡಿಯಲು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದ ಪ್ರಿನ್ಸಿಪಾಲರೇ ಉತ್ತರ ಕೊಟ್ಟರು. "ಎಲ್ಲಿಗಾದ್ರೂ ಸೇರಿಸಿ ಸಾರ್, ಇವರಿರೋ ಕುಟುಂಬ ಒಂದು ಬೇಡ."

ಚಕ್ಕೋತದ ಖರ್ಚು

ಗಿಡ ಕಂಡುಹಿಡಿದವನು ಅದಕ್ಕೆ ತನ್ನದೇ ಹೆಸರು ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಬೇರೆಯವರ ಹೆಸರು ಇಡಬಹುದು. ಇದು ನೆನಪಾದ ಕೂಡಲೇ ನನಗೆ ಅವನ ಮೇಲೆ ವಿಪರೀತ ಪ್ರೀತಿ ಬಂದುಬಿಟ್ಟಿತು. ಅವನ ಪರೀಕ್ಷಾ ಡ್ಯೂಟಿ ನಾನೇ ಮಾಡಿದೆ. ಅವನ ತಾಯಿಗೆ ಇಷ್ಟ ಅಂತ ದೇವನಹಳ್ಳಿಯಿಂದ ಚಕ್ಕೋತ ಹೊತ್ತು ತಂದುಕೊಟ್ಟೆ, ಒಂದು ಸಲ ಅಲ್ಲ. ಕಾಲೇಜಿಗೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುವಾಗ ನನ್ನ ಹೆಸರು ಲ್ಯಾಟಿನ್‌ನಲ್ಲಿ ಎಷ್ಟು ಚೆನ್ನಾಗಿ ಕೇಳುತ್ತೆ ಅಂತ ಸೂಚ್ಯವಾಗಿ ಹೇಳಿಯೂ ಹೇಳಿದೆ.

ಕೊನೆಗೆ ಹೆಸರು ಹೊರಬಿತ್ತು. ಬೆಟ್ಟದ ಮೇಲೆ ಇವರ ಸಾಮಾನು ಹೊತ್ತ ಕುದುರೆಯ ಮಾಲೀಕನ ಹೆಸರು!

"ಅಲ್ವೋ, ಇಷ್ಟು ವರ್ಷದ ಸ್ನೇಹಿತ ನಾನಿದ್ದೆ" ಅಂದೆ, ನಾಚಿಕೆ ಬಿಟ್ಟು.

"ನಿನ್ನ ಕರೆದೆ ಕಣೋ, ಬಂದಿದ್ರೆ ಸಾಮಾನು ನೀನೇ ಹೊರ್ತಿದ್ದೆ. ನಿನ್ನ ಹೆಸರೇ ಇಡ್ತಿದ್ದೆ" ಅಂದ.

ಎದ್ದು ನಿಂತ ಸಭೆ

ಸೂಲಿಬೆಲೆ ಕಡೆಯ ಊರೊಂದರಲ್ಲಿ ಅವನಿಗೆ ಸನ್ಮಾನ. ಪರಿಚಯ ಭಾಷಣ ನನ್ನದು. ಈ ದೌರ್ಭಾಗ್ಯ ಯಾರಿಗೂ ಬೇಡ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಅವನಿಗೆ ಹೋಗುವುದನ್ನು ನೋಡುತ್ತಾ ನಗುನಗುತ್ತಾ ಕೂತಿದ್ದೆ. ದವಡೆ ನೋವು ಬಂತು.

ಕೊನೆಯಲ್ಲಿ ಪ್ರಶ್ನೆ ಕೇಳಬಹುದು ಅಂದರು. ಮುಂದಿನ ಸಾಲಿನಲ್ಲಿದ್ದ ಹಾಲಿನ ಡೇರಿ ಅಧ್ಯಕ್ಷರು ಎದ್ದರು. "ಸ್ವಾಮಿ, ಈ ಹೊಸ ಸಾಸಿವೆ ಎಕರೆಗೆ ಎಷ್ಟು ಮೂಟೆ ಬತ್ತದೆ?"

"ಇಡೀ ಬೆಟ್ಟ ಹುಡುಕಿದ್ರೂ ಒಂದು ಹಿಡಿ ಸಿಗಲ್ಲ ಯಜಮಾನ್ರೇ."

"ಎಣ್ಣೆ?"

"ಬರಲ್ಲ."

"ದನ ತಿಂತದಾ?"

"ಅಲ್ಲಿ ದನ ಹೋಗೋಕಾಗಲ್ಲ."

"ಮತ್ತೆ ಅದನ್ನ ಯಾಕೆ ಹುಡುಕೋಕೋದ್ರಿ?"

ಆಹಾ! ನನ್ನ ಮನಸ್ಸಿನಲ್ಲಿದ್ದದ್ದನ್ನು ಆ ಪುಣ್ಯಾತ್ಮ ಕೇಳಿಬಿಟ್ಟರು. ಸಂತೋಷ ತಡೆಯಲಾರದೆ ನಾನು ವೇದಿಕೆ ಮೇಲೇ ಎದ್ದು ನಿಂತು ಚಪ್ಪಾಳೆ ಹೊಡೆದೆ. ಪರಿಚಯ ಮಾಡಿಕೊಟ್ಟ ಮೇಷ್ಟ್ರೇ ಎದ್ದರಲ್ಲ ಅಂತ ವೇದಿಕೆಯವರೆಲ್ಲ ಎದ್ದರು. ಅವರು ಎದ್ದರಲ್ಲ ಅಂತ ಇಡೀ ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಅವನು ಕಣ್ಣು ಒರೆಸಿಕೊಂಡು ನನ್ನನ್ನು ತಬ್ಬಿಕೊಂಡ. "ನೀನು ಇಷ್ಟು ದೊಡ್ಡ ಮನಸ್ಸಿನವನು ಅಂತ ಗೊತ್ತಿರಲಿಲ್ಲ ಕಣೋ" ಅಂದ.

ಮನೆಯಲ್ಲಿ

ಇದೊಂದು ಚಿಕ್ಕದು. ಅಡುಗೆಮನೆಯಲ್ಲಿ ಒಗ್ಗರಣೆ ಎಣ್ಣೆ ಕಾದು ಹೊಗೆ ಏಳುತ್ತಿತ್ತು. "ಸಾಸಿವೆ ಡಬ್ಬಿ ಎಲ್ಲಿ ಇಟ್ಟಿದೀಯಾ, ಕಾಣ್ತಾನೇ ಇಲ್ಲ" ಅಂತ ನಾನು ಕೂಗಿದೆ.

ನನ್ನ ಹೆಂಡತಿ ಹಾಲ್‌ನಿಂದಲೇ ಹೇಳಿದಳು. "ಒಬ್ಬರು ಹಿಮಾಲಯದಲ್ಲಿ ಹುಡುಕಿದ್ರು. ನೀವು ಶೆಲ್ಫಲ್ಲಿ ಹುಡುಕ್ರೀ."

ನನ್ನ ಗಿಡ

ನಮ್ಮ ಬಡಾವಣೆಯ ಕೊನೆಯಲ್ಲಿ ಮೂರು ದಾರಿ ಕೂಡುವ ಕಡೆ ಒಂದು ದೊಡ್ಡ ಬಂಡೆ ಇದೆ. ಒಂದು ಸಂಜೆ ವಾಕಿಂಗ್ ಹೋದವನು ಆ ಬಂಡೆಯ ಬಿರುಕಿನಲ್ಲಿ ನೋಡುತ್ತೇನೆ, ಒಂದು ಗಿಡ! ಗೇಣುದ್ದವೂ ಇಲ್ಲ. ಎಲೆ ದಪ್ಪ, ಸುಕ್ಕು. ಮೇಲೆ ನಾಲ್ಕೇ ಎಸಳಿನ ಪುಟ್ಟ ಹಳದಿ ಹೂವು, ಸಾಸಿವೆ ಕುಟುಂಬದ ಗುರುತು. ಹೊಲದ ಸಾಸಿವೆ ಹೀಗೆ ಕುಳ್ಳಗೆ, ದಪ್ಪ ಎಲೆ ಬಿಟ್ಟು ಬೆಳೆಯುವುದನ್ನು ನಾನು ನೋಡೇ ಇರಲಿಲ್ಲ. ಲಡಾಖ್ ಯಾಕೆ ಬೇಕು? ಮನೆಯಿಂದ ಚಪ್ಪಲಿಯಲ್ಲೇ ಬಂದು ಹೊಸ ಪ್ರಭೇದ ಹುಡುಕಿದ ಗಂಡು ನಾನು ಅಂತ ಎದೆ ಉಬ್ಬಿತು.

ಮೊದಲು ಯಾರಿಗೆ ತೋರಿಸಬೇಕು ಹೇಳಿ? ಮಂಗಳವಾರ ಸಂಜೆ ಕಾಲೇಜಿನಿಂದ ಅವನನ್ನು ನೇರವಾಗಿ ಬಂಡೆ ಹತ್ತಿರ ಎಳೆದುಕೊಂಡು ಬಂದೆ. ಅವನು ಭೂತಗನ್ನಡಿ ಹಿಡಿದು ಮಂಡಿಯೂರಿದ. ನೋಡಿದ. ಮತ್ತೆ ನೋಡಿದ. ನಾನು ಗಿಡ ನೋಡಲಿಲ್ಲ, ಅವನ ಮುಖದಲ್ಲಿ ಹೊಟ್ಟೆಕಿಚ್ಚು ಕಾಣುತ್ತಾ ಅಂತ ನೋಡುತ್ತಿದ್ದೆ.

"ವಿಚಿತ್ರವಾಗಿದೆಯಲ್ಲೋ" ಅಂದ. ನನಗೆ ಸ್ವರ್ಗಕ್ಕೆ ಒಂದೇ ಮೆಟ್ಟಿಲು.

ಅಷ್ಟರಲ್ಲಿ ಅವನ ತಾಯಿ ಮುಷ್ಟಿ ಬಿಗಿಹಿಡಿದು ಸರಸರ ನಡೆದು ಬಂದರು. "ಸ್ವಲ್ಪ ಪಕ್ಕಕ್ಕೆ ಬನ್ನಿ ಮೇಷ್ಟ್ರೇ" ಅಂದವರೇ ಮಗನನ್ನು ಅಲ್ಲೇ ನಿಲ್ಲಿಸಿ, ಮುಷ್ಟಿಯನ್ನು ಅವನ ತಲೆಯಿಂದ ಕಾಲಿನವರೆಗೆ ಮೂರು ಸಲ ನಿವಾಳಿಸಿ, ನನ್ನ ಗಿಡದ ಬುಡಕ್ಕೇ ಎಸೆದರು. ಉಪ್ಪು, ಒಣಮೆಣಸಿನಕಾಯಿ, ಸಾಸಿವೆ.

"ಏನಮ್ಮಾ ಇದು?" ಅಂದ ಅವನು.

"ನಿನಗೆ ಹೆಸರು ಬಂದಾಗಿಂದ ಜನರ ಕಣ್ಣು ಸರಿ ಇಲ್ಲ ಕಣಪ್ಪ. ಮಂಗಳವಾರ ಮಂಗಳವಾರ ನೀನು ಮಲಗಿದ್ದಾಗಲೋ, ಪೇಪರ್ ಓದುವಾಗಲೋ ದೃಷ್ಟಿ ತೆಗೆದು ಇಲ್ಲಿ ತಂದು ಹಾಕ್ತೀನಿ. ಇವತ್ತು ನೀನು ಮನೆಗೆ ಬರದೆ ಈ ಕಡೆ ಹೋಗಿದ್ದು ಕಿಟಕಿಯಿಂದ ಕಾಣಿಸ್ತು, ಅದಕ್ಕೇ ಇಲ್ಲೇ ಬಂದು ತೆಗೆದೆ. ಒಲೆಗೆ ಹಾಕೋಣ ಅಂದ್ರೆ ಗ್ಯಾಸ್ ಬರ್ನರ್ ಹಾಳಾಗುತ್ತೆ ಅಂತ ನಿನ್ನ ಹೆಂಡ್ತಿ ಬೈತಾಳೆ. ಬಂಡೆ ಮೇಲಾದ್ರೆ ಯಾರೂ ತುಳಿಯಲ್ಲ."

ಅವನು ಭೂತಗನ್ನಡಿ ಜೇಬಿಗೆ ಹಾಕಿಕೊಂಡ. "ಒಗ್ಗರಣೆ ಸಾಸಿವೆನೇ ಕಣೋ. ಮಣ್ಣಿಲ್ಲ, ಮೇಲೆ ವಾರವಾರ ಉಪ್ಪು ಬೇರೆ. ಅದಕ್ಕೇ ಹೀಗೆ ಕುಳ್ಳಗಾಗಿದೆ" ಅಂದ. ಪಾಪ, ನಗಲೂ ಇಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಕಣ್ಣು ತಗುಲದಿರಲಿ ಅಂತ ಎಸೆದ ಸಾಸಿವೆ ಮೊಳೆತು, ಬೆಳೆದು, ಹೂ ಬಿಟ್ಟು, ಮತ್ತೆ ನನ್ನ ಕಣ್ಣಿಗೇ ಬಿದ್ದಿತ್ತು! "ಅಮ್ಮಾ, ಹಾಗೇ ನನಗೂ ಒಂದು ಸಲ ದೃಷ್ಟಿ ತೆಗೀರಿ" ಅಂದೆ.

ಆ ತಾಯಿ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ತುಂಬಾ ಅಕ್ಕರೆಯಿಂದ ಹೇಳಿದರು.

"ನಿಮಗ್ಯಾಕೆ ಮೇಷ್ಟ್ರೇ, ಸುಮ್ಮನೆ ಸಾಸಿವೆ ದಂಡ. ನಿಮ್ಮ ಮೇಲೆ ಯಾರು ಕಣ್ಣು ಹಾಕ್ತಾರೆ?"