ಮಾವನ ಮರ ನಿದ್ದೆಯಲ್ಲಿದೆ

ನಮ್ಮ ಸೋದರಮಾವ ಒಂದು ಮರಕ್ಕೆ ಅರಿವಳಿಕೆ ಕೊಟ್ಟು ಮಲಗಿಸಿದ್ದಾರೆ ಎಂದರೆ ನೀವು ನಂಬುತ್ತೀರಾ? ನಂಬಬೇಡಿ, ಅಡ್ಡಿಯಿಲ್ಲ. ಆದರೆ ಚಳಿಗಾಲದಲ್ಲಿ ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿರುವ ಅವರ ಮನೆಗೆ ಹೋದವರು ಯಾರೇ ಆಗಲಿ, ಬಾಗಿಲು ತಟ್ಟುವ ಮೊದಲೇ ಅವರಿಗೆ ಈ ವಿಷಯ ತಿಳಿದುಬಿಡುತ್ತದೆ.

ಆಗುವುದು ಹೀಗೆ. ಮನೆಯ ಮುಂದೆ, ಗೇಟಿನ ಪಕ್ಕದಲ್ಲೇ, ಎರಡು ಮಹಡಿ ಎತ್ತರದ ಒಂದು ಲಾರ್ಚ್ ಮರವಿದೆ. ಆಕಾರ ಕ್ರಿಸ್‌ಮಸ್ ಮರದ್ದು. ಆ ಆಕಾರದ ಮರಗಳೆಲ್ಲ ವರ್ಷವಿಡೀ ಹಸಿರಾಗಿರುತ್ತವೆ ಎಂಬುದು ನಮ್ಮೆಲ್ಲರ ತಿಳಿವಳಿಕೆ ತಾನೆ? ಈ ಮಹಾಶಯ ಮಾತ್ರ ಹಾಗಲ್ಲ. ನವೆಂಬರ್ ಬಂತೆಂದರೆ ಸೂಜಿಯಂಥ ಎಲೆಗಳನ್ನೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿಸಿ, ಮಾವನ ಕಾರಿನ ಮೇಲೆ ಸುರಿದು, ಬೋಳಾಗಿ ನಿಂತುಬಿಡುತ್ತದೆ. ಬಂದ ಅತಿಥಿ ಮೇಲೆ ನೋಡಿ, ಮರುಕದಿಂದ, "ಅಯ್ಯೋ, ನಿಮ್ಮ ಮರ ಸತ್ತೋಗಿದೆಯಲ್ಲ ಡಾಕ್ಟ್ರೇ" ಅನ್ನುತ್ತಾರೆ. ಅಷ್ಟು ಸಾಕು! ಮಂಕಿ ಕ್ಯಾಪು ಹಾಕಿಕೊಂಡ ನಮ್ಮ ಮಾವ ಬಾಗಿಲು ತೆಗೆದು ಹೊರಗೆ ಬಂದು, ಆ ಚಳಿಯಲ್ಲೇ ಪಾಠ ಶುರು ಮಾಡುತ್ತಾರೆ.

"ಸತ್ತಿಲ್ಲ ಸ್ವಾಮಿ, ನಿದ್ದೆ ಮಾಡ್ತಿದೆ. ಮೂವತ್ತು ವರ್ಷ ಜನರನ್ನ ಮಲಗಿಸಿದೋನು ನಾನು. ಸತ್ತಿರೋದು ಯಾವುದು, ಮಲಗಿರೋದು ಯಾವುದು ಅಂತ ನನಗೆ ಹೇಳ್ಕೊಡ್ತೀರಾ?"

ಮಾವ ನಿವೃತ್ತ ಅರಿವಳಿಕೆ ವೈದ್ಯರು. ಮೈಸೂರಿನಲ್ಲಿ ಓದಿ, ಇಲ್ಲಿಗೆ ಬಂದು, ಇಲ್ಲೇ ತಲೆ ನರೆಸಿಕೊಂಡವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ನನ್ನ ಮಾತು ಕೇಳಿಸ್ಕೊಂಡೋರೆಲ್ಲ ಹತ್ತು ಎಣಿಸೋದ್ರೊಳಗೆ ನಿದ್ದೆ ಹೋಗ್ತಿದ್ರು, ಮದುವೆ ಹೇಗಾಗುತ್ತೆ?" ಅನ್ನುತ್ತಾರೆ. ತಮ್ಮ ಕಸುಬಿನ ಬಗ್ಗೆ ಅವರಿಗೊಂದು ಹೆಮ್ಮೆಯ ಮಾತಿದೆ: "ಮಲಗಿಸೋದು ಯಾರಿಗಾದ್ರೂ ಬರುತ್ತೆ ಕಣೇ. ಎಬ್ಬಿಸೋದು ಇದೆಯಲ್ಲ, ಅದು ನಮ್ಮ ಕೆಲಸ."

ಆ ಮರದ ಸುತ್ತ ಅವರು ದಿನಾ ಬೆಳಿಗ್ಗೆ ಹನ್ನೊಂದು ಸುತ್ತು ಹಾಕುತ್ತಾರೆ. ಪ್ರದಕ್ಷಿಣೆಯಾ ಮಾವ, ಎಂದರೆ, "ಛೆ, ವಾಕಿಂಗು" ಅನ್ನುತ್ತಾರೆ. ಹಾಗಿದ್ದರೆ ಚಪ್ಪಲಿ ಯಾಕೆ ಬಿಡಬೇಕು? ಲಂಡನ್ನಿನ ಜನವರಿಯಲ್ಲಿ! ಯುಗಾದಿಗೆ ನಾವೆಲ್ಲ ನಮ್ಮವರ ಅಂಗಡಿಗಳಿರುವ ಈಸ್ಟ್ ಹ್ಯಾಮಿನವರೆಗೆ ಹೋಗಿ ಮಾವಿನೆಲೆ ತಂದು ತೋರಣ ಕಟ್ಟಿದರೆ, ಇವರ ಬಾಗಿಲಲ್ಲಿ ಲಾರ್ಚಿನ ಪುಟ್ಟ ಪುಟ್ಟ ಕಾಯಿಗಳನ್ನು ದಾರಕ್ಕೆ ಪೋಣಿಸಿದ ತೋರಣ. ಗಾಳಿ ಬಂದಾಗಲೆಲ್ಲ ಅದು ಕಟಕಟ ಅನ್ನುತ್ತದೆ. ಪೋಸ್ಟ್‌ಮನ್ ಅದನ್ನು ಕಾಲಿಂಗ್ ಬೆಲ್ ಅಂದುಕೊಂಡು ಎರಡು ಸಲ ಎಳೆದು ನೋಡಿದ್ದಾನೆ.

ಗ್ರೀನ್‌ಫರ್ಡಿನಲ್ಲಿ ನಾವು ಫ್ಲ್ಯಾಟ್ ಕೊಂಡಾಗ ಗೃಹಪ್ರವೇಶಕ್ಕೆ ಮಾವ ಒಂದು ಕಟ್ಟು ಕಡ್ಡಿ ಹಿಡಿದುಕೊಂಡು ಬಂದರು. ಹೋಮಕ್ಕೆ ಸಮಿತ್ತಂತೆ! ಪುರೋಹಿತರು ತಮ್ಮ ಪ್ಯಾಕೆಟ್ಟು ತೋರಿಸಿ, "ಅಶ್ವತ್ಥದ್ದು ಇದೆ ಸಾರ್" ಎಂದರು.

"ಪ್ಯಾಕೆಟ್ಟಿಂದು ಯಾವ ಕಾಲದ್ದೋ ಏನೋ. ಇದು ನಮ್ಮ ಮನೇದು. ಚಳಿ ದೇಶದ ಬೆಟ್ಟದ ಜನ ಲಾರ್ಚಿನ ಹೊಗೆ ಹಾಕಿದ್ರೆ ದುಷ್ಟಶಕ್ತಿ ಮನೆಯೊಳಗೆ ಬರಲ್ಲ ಅಂತ ನಂಬ್ತಿದ್ರು. ಹಾಕಿ, ಹಾಕಿ."

ಹಿರಿಯರ ಮಾತು ಮೀರಬಾರದೆಂದು ಆ ಪುಣ್ಯಾತ್ಮರು ಹಾಕಿದರು. ಲಾರ್ಚ್ ಕಟ್ಟಿಗೆ ಸುಮ್ಮನೆ ಉರಿಯುವ ಜಾತಿಯದಲ್ಲವೆಂದು ನಮಗೇನು ಗೊತ್ತು? ಮೈಯೆಲ್ಲ ಅಂಟು ತುಂಬಿಕೊಂಡ ಮರ ಅದು. ಚಟ್ ಅಂತು, ಪಟ್ ಅಂತು, ಒಂದು ಕಿಡಿ ಹಾರಿ ಪುರೋಹಿತರ ಶಲ್ಯದ ಮೇಲೆ ಕೂತಿತು. ಅವರು ಮಂತ್ರ ಬಿಡದೆ ಶಲ್ಯ ಮಾತ್ರ ಬಿಟ್ಟು ಎದ್ದು ನಿಂತರು. ಅಷ್ಟರಲ್ಲಿ ಹೊಗೆಯ ಅಲಾರಾಂ ಹೊಡೆದುಕೊಳ್ಳತೊಡಗಿ, ಇಡೀ ಕಟ್ಟಡದ ಜನ ಮೆಟ್ಟಿಲಿಳಿದು ರಸ್ತೆಗೆ ಬಂದರು. ನೆರೆಹೊರೆಯವರ ಪರಿಚಯ ನಮಗೆ ಒಂದೇ ದಿನದಲ್ಲಿ ಆಯಿತು! ಮಾವ ಮಾತ್ರ ರಸ್ತೆಯಲ್ಲಿ ನಿಂತು ತೃಪ್ತಿಯಿಂದ ಹೇಳಿದರು, "ನೋಡಿದ್ಯಾ? ದುಷ್ಟಶಕ್ತಿ ಮಾತ್ರ ಅಲ್ಲ, ಶಿಷ್ಟರೂ ಓಡಿ ಬಂದ್ರು."

ಇನ್ನು ಅವರ ಮಣೆ. ಮಾವ ಮಧ್ಯಾಹ್ನದ ಊಟವನ್ನು ಡೈನಿಂಗ್ ಟೇಬಲ್ಲಿನ ಪಕ್ಕದಲ್ಲೇ ನೆಲದ ಮೇಲೆ, ಕೆಂಪು ಮರದ ಒರಟು ಮಣೆಯೊಂದರ ಮೇಲೆ ಕೂತು ಮಾಡುತ್ತಾರೆ. ಅದೂ ಲಾರ್ಚೇ. ಬೇರೆ ಯಾರೂ ಕೂರುವಂತಿಲ್ಲ. ಒಮ್ಮೆ ಅವರಿಲ್ಲದಾಗ ನಾನು ರೇಷ್ಮೆ ಸೀರೆಯುಟ್ಟುಕೊಂಡು ಕೂತುಬಿಟ್ಟೆ. ಮಣೆ ರೇಡಿಯೇಟರಿನ ಪಕ್ಕದಲ್ಲಿ ಕಾದಿತ್ತು, ಅಂಟು ಕರಗಿ ಮೇಲೆ ಬಂದಿತ್ತು. ಎದ್ದರೆ ಮಣೆಯೂ ಎದ್ದಿತು! ಮಾವ ಬಂದು, ಸೀರೆಯ ಕಡೆ ನೋಡದೆ, ಮಣೆಯನ್ನು ಬಿಡಿಸಿ ಒರೆಸುತ್ತಾ, "ಈ ಮರದಲ್ಲಿ ದೋಣಿ ಕಟ್ತಾರೆ, ನೀರೇ ಒಳಗೆ ಹೋಗಲ್ಲ ಗೊತ್ತಾ?" ಎಂದರು. ನನ್ನ ಸೀರೆ ಹೋಯಿತಲ್ಲ ಮಾವ, ಎಂದೆ. "ಸೀರೆ ಇನ್ನೊಂದು ಬರುತ್ತೆ" ಎಂದರು. ಆ ಮಾತಿನ ಅರ್ಥ ಆಗ ನನಗಾಗಲಿಲ್ಲ. ಕೋಪವಂತೂ ಚೆನ್ನಾಗಿಯೇ ಬಂದಿತ್ತು.

ಈ ವರ್ಷ ಮಾರ್ಚಿನಲ್ಲಿ ಮಾವನಿಗೆ ಆಪರೇಷನ್ ಎಂದಾಯಿತು. ಹೊಟ್ಟೆಯಲ್ಲೊಂದು ಗಡ್ಡೆ. ಸಣ್ಣ ಆಪರೇಷನ್ನಲ್ಲ. ಸುದ್ದಿ ತಿಳಿದದ್ದೇ ತಡ, ಮೈಸೂರಿನಿಂದ ನಮ್ಮಮ್ಮ ಬಂದಿಳಿದರು. ಅಮ್ಮ ಎಂದರೆ ಮಾವನ ಅಕ್ಕ. ಅವರ ಕಣ್ಣಿಗೆ ಮಾವ ಈಗಲೂ ಚಡ್ಡಿ ಜಾರಿಸಿಕೊಂಡು ಓಡುವ ಹುಡುಗ. ಕಾರಿನಿಂದ ಇಳಿದವರೇ ಬೋಳು ಮರ ನೋಡಿ ಅಲ್ಲೇ ನಿಂತರು.

"ಏನಿದು? ಮನೆ ಎದುರಿಗೆ ಒಣಮರ ಇಟ್ಕೊಂಡಿದಾನಲ್ಲ ಇವನು!"

"ಒಣಗಿಲ್ಲಮ್ಮ, ನಿದ್ದೆಯಂತೆ" ಎಂದೆ.

"ಮರ ಎಲ್ಲಾದ್ರೂ ನಿದ್ದೆ ಮಾಡುತ್ತೇನೇ? ಆಸ್ಪತ್ರೆಯಿಂದ ಬರೋ ಮನುಷ್ಯನಿಗೆ ಎದುರಿಗೆ ಒಣಮರ ಕಾಣಬಾರದು. ಅಪಶಕುನ. ಅವನು ವಾಪಸ್ ಬರೋದ್ರೊಳಗೆ ಇದು ಇಲ್ಲಿರಕೂಡದು."

ಅಮ್ಮ ಅಂದುಕೊಂಡರೆ ಮುಗಿಯಿತು. ಇಂಗ್ಲಿಷ್ ಬರದಿದ್ದರೇನಂತೆ, ಕೈ ಇದೆಯಲ್ಲ! ಆಪರೇಷನ್ನಿನ ಹಿಂದಿನ ದಿನ ಹುಲ್ಲು ಕತ್ತರಿಸುವವನು ಬಂದಿದ್ದ. ಅಮ್ಮ ಅವನನ್ನು ಬಾಗಿಲಿಗೆ ಕರೆದು, ಮರದ ಕಡೆ ತೋರಿಸಿ, ಕತ್ತಿನ ಮೇಲೆ ಬೆರಳು ಎಳೆದು ತೋರಿಸಿದರು. ಅದೇ ಹೊತ್ತಿಗೆ ಮರದ ಮುಂದೆ ಮಾವ ಏಳನೆಯ ಸುತ್ತಿನಲ್ಲಿದ್ದರು! ಆ ಬಡಪಾಯಿ ಮಾವನನ್ನು ನೋಡಿದ, ಅಮ್ಮನನ್ನು ನೋಡಿದ, ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅಮ್ಮ ಮತ್ತೆ ಗರಗಸದ ಅಭಿನಯ ಮಾಡಿ, ತಲೆಯ ಮೇಲೆ ಕೈಯೆತ್ತಿ ಮರವಾಗಿ ನಿಂತು, ಅಡ್ಡಕ್ಕೆ ವಾಲಿದರು. ಅವನಿಗೆ ಹೋದ ಜೀವ ಬಂತು. ವ್ಯಾನಿನಿಂದ ಮೋಟಾರ್ ಗರಗಸ ತಂದ.

ನಾನು ಒಳಗಿನಿಂದ ಓಡಿಬಂದಾಗ ಮಾವ ಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದರು. ನನಗೆ ನಗು ಬಂತು. ಅವರ ಮುಖ ನೋಡಿದ ಮೇಲೆ ನಿಂತುಹೋಯಿತು. ಗರಗಸದವನನ್ನು ಕಳಿಸಿ, ಅವರನ್ನು ಅಡುಗೆಮನೆಗೆ ಕರೆತಂದು, ಕಾಫಿ ಕೊಟ್ಟೆ. ಅಮ್ಮ ಸುಮ್ಮನಾಗಿರಲಿಲ್ಲ.

"ನಿನ್ನ ಒಳ್ಳೇದಕ್ಕೇ ಅಲ್ವೇನೋ? ಮನೆಗೆ ಬರೋನ ಎದುರಿಗೆ ಒಣಮರ..."

"ಅಕ್ಕ," ಎಂದರು ಮಾವ, "ಇದೇ ಮಾತು ನಾನೂ ಆಡಿದ್ದೆ."

ಕಾಫಿ ಆರಿಹೋಗುವವರೆಗೂ ಅವರು ಹೇಳಿದ ಕತೆ ಇಷ್ಟು. ಈ ದೇಶಕ್ಕೆ ಬಂದ ಮೊದಲ ವರ್ಷ ಅವರು ಗ್ರೀನ್‌ಫರ್ಡಿನಲ್ಲಿ ಒಬ್ಬ ಮುದುಕಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಒಂಟಿ ಮುದುಕಿ. ಅನ್ನ ಸೀದರೆ ಬೈಯುತ್ತಿರಲಿಲ್ಲ, ಜ್ವರ ಬಂದರೆ ಸೂಪು ಮಾಡಿ ಮೇಲೆ ತರುತ್ತಿದ್ದಳು. ಚಳಿಗಾಲದಲ್ಲಿ ಆಕೆ ಆಸ್ಪತ್ರೆ ಸೇರಿದಳು. ಮನೆಯ ಮುಂದೆ ಇಂಥದೇ ಒಂದು ಮರ, ಒಂದೂ ಎಲೆಯಿಲ್ಲದೆ ನಿಂತಿತ್ತು. ಆಕೆ ಮನೆಗೆ ಬರುವಾಗ ಎದುರಿಗೆ ಒಣಮರ ಕಾಣಬಾರದೆಂದು, ರಜೆಯ ಎರಡು ದಿನ ಕೂತು, ಕೈಯೆಲ್ಲ ಬೊಬ್ಬೆ ಬರಿಸಿಕೊಂಡು, ಮಾವ ಅದನ್ನು ಕಡಿದು ಹಾಕಿದರು. ಗೇಟಿಗೆ ಹೂ ಕಟ್ಟಿ ಕಾದರು.

"ಕಾರಿಂದ ಇಳಿದ್ಲು. ಬುಡ ನೋಡಿದ್ಲು. ಅವಳ ಗಂಡ ನೆಟ್ಟಿದ್ದ ಮರ ಅಂತೆ. ಬೈಲಿಲ್ಲ ಅಕ್ಕ. ಡಾಕ್ಟರ್, ಅದು ಮಲಗಿತ್ತಷ್ಟೇ, ಅಂದ್ಲು. ಅಷ್ಟೇ. ಆಮೇಲೆ ಒಳಗೆ ಹೋಗಿ ನನಗೇ ಟೀ ಮಾಡಿಕೊಟ್ಲು."

ಮಲಗಿದವರನ್ನು ಎಬ್ಬಿಸುವ ವಿದ್ಯೆಯನ್ನು ಮಾವ ಕಲಿಯಲು ಹೊರಟದ್ದೂ ಆ ವರ್ಷವೇ. ಬಿದ್ದಿದ್ದ ಕೊಂಬೆಗಳಿಂದ ಮುದುಕಿಯೇ ಕಾಯಿಗಳನ್ನು ಆರಿಸಿ ಕೊಟ್ಟಳಂತೆ. ಮಾವ ಅದರ ಬೀಜವನ್ನು ಮೊಸರಿನ ಡಬ್ಬಿಗಳಲ್ಲಿ ಬಿತ್ತಿದರು. ಒಂದೇ ಒಂದು ಹುಟ್ಟಿತು. ಆಕೆ ತೀರಿಕೊಂಡ ಮೇಲೆ ಆ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಂಡ್ ಸ್ಟ್ರೀಟಿನಲ್ಲಿ ಟ್ಯೂಬು ರೈಲು ಬದಲಿಸಿ, ಸ್ಟ್ಯಾನ್ಮೋರಿಗೆ ತಂದರು. ಮಣೆ, ಕಡಿದ ಮರದ್ದು. ಸೀರೆ ಹೋಯಿತೆಂದು ನನಗಿದ್ದ ಕೋಪ ಆ ಅಡುಗೆಮನೆಯಲ್ಲಿ ಕರಗಿ ಹೋಯಿತು. ನಾಚಿಕೆಯೂ ಆಯಿತು.

ಅಮ್ಮ ಲೋಟ ತೆಗೆದುಕೊಂಡು ಹೋಗಿ ಕಾಫಿ ಬಿಸಿ ಮಾಡಿ ತಂದುಕೊಟ್ಟರು.

ಮರುದಿನ ಆಸ್ಪತ್ರೆಯಲ್ಲಿ ಮಾವ ತಮ್ಮನ್ನು ಮಲಗಿಸಲು ಬಂದ ಚಿಕ್ಕ ಪ್ರಾಯದ ಡಾಕ್ಟರಮ್ಮನಿಗೆ ಅರ್ಧ ಗಂಟೆ ಮೌಖಿಕ ಪರೀಕ್ಷೆ ಮಾಡಿದರು. ಯಾವ ಔಷಧಿ, ಎಷ್ಟು, ಯಾಕೆ ಅಷ್ಟು! ಆಕೆ ಪಾಸಾದಳು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಅಷ್ಟು ವರ್ಷ ಬೇರೆಯವರನ್ನು ಮಲಗಿಸಿದವರು ತಾವು ಮಲಗುತ್ತಿದ್ದದ್ದು ಇದೇ ಮೊದಲು.

"ಪುಟ್ಟಿ, ಭಯ ಆಗ್ತಿದೆ ಕಣೇ. ಮರ ಚಿಗುರಿದ್ರೆ ಬಂದು ಹೇಳು. ನಾನು ಎದ್ದಿಲ್ದೇ ಇದ್ರೂ ಹೇಳು."

ನಾನು ತಲೆಯಾಡಿಸಿದೆ.

ಸಂಜೆ ಮಾವನನ್ನು ವಾರ್ಡಿಗೆ ತಂದರು. ಎಲ್ಲ ಸರಿಯಾಗಿದೆ ಎಂದರು. ಮನೆಯಲ್ಲೇ ಉಳಿದಿದ್ದ ಅಮ್ಮನನ್ನು ನನ್ನ ಗಂಡ ಕರೆತಂದರು. ಅಮ್ಮ ಹಾಸಿಗೆಯ ಪಕ್ಕ ಕೂತು, ವ್ಯಾನಿಟಿ ಬ್ಯಾಗಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಏನನ್ನೋ ತೆಗೆದು ಮಾವನ ಅಂಗೈಯಲ್ಲಿಟ್ಟರು. ಗೇಣುದ್ದದ ಒಂದು ಕಡ್ಡಿ. ಅದರ ಗಂಟುಗಂಟಿನಲ್ಲೂ ಅಕ್ಕಿಕಾಳಿನಷ್ಟು ಹಸಿರು. ಅಮ್ಮನ ಚಪ್ಪಲಿಯಿಲ್ಲದ ಕಾಲಿಗೆ ಒದ್ದೆ ಹುಲ್ಲು ಅಂಟಿತ್ತು. ಚಪ್ಪಲಿ ಮರೆತು ಕಾರು ಹತ್ತಿದ್ದರಂತೆ. ಎಷ್ಟು ಸುತ್ತು ಹಾಕಿದ್ದರೋ, ನಾನು ಕೇಳಲಿಲ್ಲ.

ಮಾವ ನಿಧಾನವಾಗಿ ಕಣ್ಣು ಬಿಟ್ಟರು. ಕೈ ನೋಡಿಕೊಂಡರು.

"ಅಕ್ಕ, ಕಿತ್ತುಬಿಟ್ಯಾ?"

"ಒಂದೇ ಒಂದು ಕಣೋ. ಉಳಿದಿದ್ದೆಲ್ಲ ಅಲ್ಲೇ ಇದೆ. ಬಂದು ನೋಡ್ಕೋ."

ಮಾವ ನಕ್ಕರು. ನಗುತ್ತಲೇ ಅವರ ಕಣ್ಣು ಮತ್ತೆ ಮುಚ್ಚಿಕೊಂಡವು. ಅಮ್ಮ ಗಾಬರಿಯಾದಾರೆಂದು ನಾನು ಅವರ ಭುಜ ಮುಟ್ಟಿ, "ನಿದ್ದೆಯಷ್ಟೇ ಅಮ್ಮ" ಎಂದೆ.

"ಗೊತ್ತು ಬಿಡೇ" ಎಂದರು ಅಮ್ಮ, ಕಡ್ಡಿ ಹಿಡಿದಿದ್ದ ತಮ್ಮನ ಮುಷ್ಟಿಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು. "ಏಳ್ತಾನೆ."