ಸೇವೆ ಎಂಬ ಕಾಲಂ ಇಲ್ಲ

ನಾನು ಹೆಸರಿಡುವ ಕೆಲಸಕ್ಕೆ ಯಾರೂ ಹೆಸರಿಡುವಂತಿಲ್ಲ ಎಂದು ಬಹುಕಾಲ ನಂಬಿದ್ದೆ. ಮನೆಯ ಕುಕ್ಕರಿಗೆ ಒಂದು ಹೆಸರು, ಸ್ಕೂಟರಿಗೆ ಒಂದು, ಹೆಂಡತಿಯ ಅಣ್ಣನಿಗೆ ಎರಡು. ಜಿಗಣಿಯ ಕಾರ್ಖಾನೆಯೊಂದರಲ್ಲಿ ಸಿಬ್ಬಂದಿಯ ದಾಖಲೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ ಡೇಟಾಬೇಸಿನ ಕಾಲಂಗಳಿಗೂ ಅಡ್ಡಹೆಸರು ಇಡತೊಡಗಿದೆ. ಅದಕ್ಕೆ ಅಲ್ಲಿ ಏಲಿಯಾಸ್ ಎನ್ನುತ್ತಾರೆ. ಪೊಲೀಸರೂ ಹಾಗೇ ಅನ್ನುತ್ತಾರಂತೆ, ಆ ವಿಚಾರ ಬೇಡ.

ಒಂದು ಶುಕ್ರವಾರ ಮ್ಯಾನೇಜರು, ಐದು ವರ್ಷ ದಾಟಿದ ಗುತ್ತಿಗೆ ನೌಕರರ ಪಟ್ಟಿ ಊಟದ ಹೊತ್ತಿನೊಳಗೆ ಬೇಕು, ಅವರನ್ನೆಲ್ಲ ಕಾಯಂ ಮಾಡುತ್ತೇವೆ ಎಂದರು. ಸುದ್ದಿ ನನಗಿಂತ ಮೊದಲೇ ಗೇಟಿಗೆ ತಲುಪಿತ್ತು. ಅಲ್ಲಿನ ಕಾವಲುಗಾರ ಬೀದರ್ ಬೆಳಿಗ್ಗೆಯೇ ಕೇಳಿದ್ದ: "ಸಾಹೇಬ್ರ, ನನ್ನ ಹೆಸರು ಬರ್ತದೇನ್ರಿ? ಬಂದ್ರ ಹೆಂಡ್ರು ಮಕ್ಕಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನ್ರಿ."

ಸೇರಿದ ದಿನದಿಂದ ಇಂದಿನವರೆಗೆ ಎಷ್ಟು ವರ್ಷವೆಂದು ಲೆಕ್ಕ ಹಾಕಿಸಿ, ಆ ಕಾಲಂಗೆ 'ಸೇವೆ' ಎಂದು ಹೆಸರಿಟ್ಟೆ. ಕೆಳಗಿನ ಸಾಲಿನಲ್ಲಿ, ಸೇವೆ ಐದಕ್ಕಿಂತ ಹೆಚ್ಚಿರುವವರನ್ನು ಕೊಡು ಎಂದೆ. ಸೇವೆ ಎಂಬ ಕಾಲಂ ಇಲ್ಲ ಎಂದಿತು ಕಂಪ್ಯೂಟರು. ಕಾಗುಣಿತ ನೋಡಿದೆ, ಕೊಟೇಶನ್ ಹಾಕಿದೆ, ತೆಗೆದೆ. ಇಲ್ಲವೆಂದರೆ ಇಲ್ಲ.

ಪಕ್ಕದ ಮೇಜಿನ ಸವಿತಾ ಬಗ್ಗಿ ನೋಡಿದಳು. "ಸಾರ್, ಐದಕ್ಕಿಂತ ಹೆಚ್ಚು ಅನ್ನೋ ಷರತ್ತನ್ನ ಅದು ಮೊದ್ಲು ಓದುತ್ತೆ. ನೀವಿಟ್ಟ ಹೆಸ್ರು ಅದಕ್ಕೆ ಆಮೇಲೆ ಗೊತ್ತಾಗೋದು. ಕೆಳಗಡೆ ಹೆಸ್ರಿನ ಬದ್ಲು ಪೂರ್ತಿ ಲೆಕ್ಕಾನೇ ಇನ್ನೊಂದ್ಸಲ ಬರೀರಿ."

"ದಿನಾ ನನ್ನ ಜೊತೆ ಕೆಲಸ ಮಾಡುತ್ತೆ, ಒಂದು ಹೆಸ್ರು ಗೊತ್ತಿಲ್ಲ ಅಂದ್ರೆ ಏನಮ್ಮ ಇದು" ಎಂದು ಗೊಣಗುತ್ತಲೇ ಬರೆದೆ. ಪಟ್ಟಿ ಬಂತು.

ಮೂರು ಸಲ ಓದಿದೆ. ಬೀದರ್ ಎಲ್ಲೂ ಇರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಮ್ಯಾನೇಜರಿಗೆ ಕೊಡುವ ಮೊದಲು ನಾನೇ ಹೇಳಿಬಿಡೋಣವೆಂದು ಪಟ್ಟಿ ಹಿಡಿದು ಗೇಟಿಗೆ ಹೋದೆ. "ನಿನ್ನ ಹೆಸ್ರು ಬಂದಿಲ್ಲ ಕಣೋ ಬೀದರ್" ಎಂದೆ.

ಅವನ ಮುಖ ಬಾಡಿತು. ಹಾಳೆ ಇಸಿದುಕೊಂಡು ಬೆರಳಿಟ್ಟು ಓದುತ್ತ ಹೋದವನು ಹನ್ನೆರಡನೆಯ ಸಾಲಿನಲ್ಲಿ ನಿಂತ.

"ಶರಣಪ್ಪ ಅಂದ್ರ ನಾನೇ ಅಲ್ರೀ ಸಾಹೇಬ್ರ. ಬೀದರ್ ನಮ್ಮೂರ್ರಿ."

ಅವನು ನಗುತ್ತಿದ್ದ. ನನಗೆ ನಾಚಿಕೆಯಾಗಿ, ಮುಖ ತಪ್ಪಿಸಲು ಅವನ ಮೇಜಿನ ಮೇಲಿದ್ದ ರಿಜಿಸ್ಟರು ನೋಡತೊಡಗಿದೆ. ಐದು ವರ್ಷದಿಂದ ನಾನು ಒಳಗೆ ಬರುವಾಗೆಲ್ಲ ಅವನು ಬರೆದುಕೊಳ್ಳುವ ಪುಸ್ತಕ ಅದು. ಅಂದಿನ ಮೊದಲ ಸಾಲಿನಲ್ಲೇ ನಾನಿದ್ದೆ: ಕೆ. ಎನ್. ನಾಗಭೂಷಣ. ಎರಡೂ ಇನಿಷಿಯಲ್ಲು, ಭೂಗೆ ದೀರ್ಘ, ಷಕಾರ, ಣಕಾರ. ಹೆಸರಿಡುವಂತಿರಲಿಲ್ಲ.